ಏನನ್ನೂ ಕೇಳದ ಸರ್ವರ್

ಮಕ್ಕಳೇ, ಒಂದು ಕಾಡಿನ ನಡುವೆ ಕೆರೆಯಿತ್ತು. ಅದರ ಎದುರಿನ ದಿಬ್ಬದಲ್ಲಿ ಜಿಂಕೆಗಳ ಹಿಂಡು, ದಿಬ್ಬದ ಮತ್ತಿಮರದ ತುದಿಯಲ್ಲಿ ಮುಸುವಜ್ಜ ಎಂಬ ಮುದಿ ಕೋತಿ. ಕೆರೆಯ ಬಳಿ ಹುಲಿ ಕಂಡರೆ ಅಜ್ಜ ಮೇಲಿನಿಂದ ಕೂಗುವುದು, ಜಿಂಕೆಗಳು ಓಡುವುದು. ಇದು ತಲೆಮಾರುಗಳಿಂದ ಬಂದ ಏರ್ಪಾಡು.

ಒಂದು ವರ್ಷ ಅಜ್ಜನ ಗಂಟಲು ಪೂರ್ತಿ ಕೆಟ್ಟಿತು. ಹಿಂಡು ಕ್ಲೌಡ್‌ನಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿಯಿತು. ಕ್ಲೌಡ್ ಎಂದರೆ ಯಾರೂ ನೋಡದ ದೂರದ ಗುಹೆಯೊಂದರಲ್ಲಿರುವ ಯಂತ್ರ. ಅಜ್ಜ ಮರದ ಮೇಲಿನಿಂದ ಗುಂಡಿ ಒತ್ತಿ ಸುದ್ದಿ ಕಳಿಸಿದರೆ ಅದು ಯಂತ್ರಕ್ಕೆ ಹೋಗಿ, ಪ್ರತಿ ಜಿಂಕೆಯ ಕೊರಳಿನ ಡಬ್ಬಿಯಲ್ಲಿ ಮಾತಾಗಿ ಕೇಳುತ್ತಿತ್ತು. ಕಾಣದ್ದನ್ನು ನಂಬುವುದರಲ್ಲಿ ಜಿಂಕೆಗಳು ನಮಗಿಂತ ಹಿಂದೆ ಬಿದ್ದಿರಲಿಲ್ಲ.

ಯಂತ್ರವನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಬೇಕಿತ್ತು. ಅದು ಹಲವು ಬಗೆಯಲ್ಲಿ ಸಿಗುತ್ತದೆ. ಭದ್ರತೆಯ ವಿಷಯದಲ್ಲಿ ಹೆಸರಾದ ಚಿಪ್ಪುಹಂದಿ ಚಿಪ್ಪಕ್ಕ ಒಂದನ್ನು ತಂದಳು. ಹಿಂಡಿನ ಯಜಮಾನ ಕವಲಪ್ಪನಿಗೆ ಎಲ್ಲೋ ಇನ್ನೊಂದು ಸಿಕ್ಕಿತ್ತು. ಕವಲಪ್ಪನಿಗೆ ದೊಡ್ಡ ಕೊಂಬು. ತಂಟೆ ಎಂದರೆ ಆಗದು.

“ನಾನು ತಂದಿದ್ದಕ್ಕೆ ಹತ್ತು ವರ್ಷ ರಿಪೇರಿ ಸಿಗುತ್ತದೆ, ಯಜಮಾನರೇ,” ಎಂದಳು ಚಿಪ್ಪಕ್ಕ. “ಆದರೆ ವಾರಕ್ಕೊಮ್ಮೆ ಅಪ್‌ಡೇಟ್ ಕೇಳುತ್ತದೆ. ಆಗಾಗ ನಿಲ್ಲಿಸಿ ಮತ್ತೆ ಶುರು ಮಾಡಬೇಕು.”

“ನನ್ನದು?”

“ಏನೂ ಕೇಳುವುದಿಲ್ಲ. ಮಾಡಿದವರು ಅದರ ಕೈಬಿಟ್ಟು ಎರಡು ವರ್ಷವಾಯಿತು. ತೂತು ಬಿದ್ದರೆ ಮುಚ್ಚುವವರಿಲ್ಲ.”

“ಬಿದ್ದಿದೆಯೇ?”

“ಬಿದ್ದರೆ ಹೇಳುವವರೂ ಇಲ್ಲ.”

“ಹಾಗಾದರೆ ಬಿದ್ದಿಲ್ಲ,” ಎಂದ ಕವಲಪ್ಪ. ಹಿಂಡು ತಲೆಯಾಡಿಸಿತು. ಯಜಮಾನನ ಕೊಂಬು ಆಡಿದಂತೆ ತಲೆಯಾಡಿಸುವುದು ಅಲ್ಲಿನ ಪದ್ಧತಿ.

ಕವಲಪ್ಪನ ಲಿನಕ್ಸ್ ಹಾಕಿದ ಸರ್ವರ್ ತಿಂಗಳುಗಟ್ಟಲೆ ತುಟಿ ಪಿಟಕ್ಕೆನ್ನದೆ ನಡೆಯಿತು. ಬೇಸಿಗೆ ಬಂತು. ಆಮೇಲೆ ಪ್ರತಿ ಮಧ್ಯಾಹ್ನ, ಎಲೆಯೂ ಅಲ್ಲಾಡದ ಹೊತ್ತಿನಲ್ಲಿ, ಡಬ್ಬಿಗಳು ಮಾತಾಡತೊಡಗಿದವು:

“ಮುಸುವಜ್ಜ ಹೇಳುತ್ತಿದ್ದೇನೆ. ದಡದಲ್ಲಿ ಯಾರೂ ಇಲ್ಲ. ದಯವಿಟ್ಟು ಬನ್ನಿ.”

ಎಂಟು ದಿನಗಳಲ್ಲಿ ಐದು ಜಿಂಕೆಗಳು ಹೋದವು. ಒಂದೂ ಮರಳಲಿಲ್ಲ. ಒಂದು ಕೂಗೂ ಕೇಳಲಿಲ್ಲ. ಆಚೆ ದಡದಲ್ಲಿ ಹೊಸ ಹುಲ್ಲು ಸಿಕ್ಕಿರಬೇಕು ಎಂದ ಕವಲಪ್ಪ.

ಹೊನ್ನಿ ಎಂಬ ಹೆಣ್ಣು ಜಿಂಕೆಗೆ ಮೂರು ದಿನದ ಮರಿಯಿತ್ತು. ಮರಿ ಬಿಟ್ಟು ಕೆರೆಗೆ ಹೋಗಲಾಗದೆ, ನೀರಿಲ್ಲದೆ ಹಾಲು ಬತ್ತುತ್ತಿತ್ತು. ಅವಳೂ ಹೊರಟಿದ್ದವಳು, ನಿಂತಳು.

“ಮಾವ, ಅಜ್ಜ ಯಾವತ್ತಾದರೂ ‘ದಯವಿಟ್ಟು’ ಅಂದದ್ದುಂಟೇ? ನಮ್ಮನ್ನು ಕತ್ತೆಗಳೇ ಅಂತಲೇ ಕರೆಯುವುದಲ್ಲವೇ?”

“ವಯಸ್ಸಾದಂತೆ ಮರ್ಯಾದೆ ಬರುತ್ತದೆ, ಹೊನ್ನಿ,” ಎಂದ ಕವಲಪ್ಪ.

ಅವಳು ಕೇಳಲಿಲ್ಲ. ಮರಿಯೊಂದಿಗೆ ಮತ್ತಿಮರದ ಬುಡಕ್ಕೆ ಹೋದಳು. ಹಿಂಡೂ ಹಿಂದೆ ಬಂತು, ಚಿಪ್ಪಕ್ಕನೂ ಬಂದಳು. ಮುಸುವಜ್ಜ ನಿಧಾನವಾಗಿ ಕೆಳಗಿಳಿದ. ಅವನ ದನಿ ಒಣಗಿದ ಎಲೆಯಷ್ಟೇ ಇತ್ತು.

“ಎಂಟು ದಿನದಿಂದ ನಾನು ಒಂದು ಸುದ್ದಿಯನ್ನೂ ಕಳಿಸಿಲ್ಲ, ಕತ್ತೆಗಳಾ. ಯಂತ್ರ ನನ್ನನ್ನು ಬಿಟ್ಟುಕೊಳ್ಳುತ್ತಿಲ್ಲ. ‘ನೀವು ಆಗಲೇ ಒಳಗಿದ್ದೀರಿ’ ಅನ್ನುತ್ತದೆ.”

“ನಮಗೆ ಹೇಳಬಾರದಿತ್ತೇ, ಅಜ್ಜ?”

“ಕೊಂಬೆ ಅಲ್ಲಾಡಿಸಿದೆ. ನೀವು ತಲೆಯೆತ್ತಲಿಲ್ಲ. ಕೊರಳಿನ ಮಾತು ಕೇಳುತ್ತಿದ್ದಿರಿ.”

ಆಗ ಎಲ್ಲ ಡಬ್ಬಿಗಳೂ ಒಟ್ಟಿಗೆ ಮಾತಾಡಿದವು: “ಮುಸುವಜ್ಜ ಹೇಳುತ್ತಿದ್ದೇನೆ. ಎಳೆಯ ಮರಿಗಳನ್ನೂ ಕರೆತನ್ನಿ.”

ಅಜ್ಜನ ಎರಡೂ ಕೈ ಮೊಣಕಾಲ ಮೇಲಿದ್ದವು. ಬಾಯಿ ಮುಚ್ಚಿತ್ತು.

“ತೂತಿನಿಂದ ಹುಲಿ ಯಂತ್ರದೊಳಗೆ ನುಗ್ಗಿದೆ,” ಎಂದಳು ಚಿಪ್ಪಕ್ಕ. “ಈಗ ಅಜ್ಜನ ಹೆಸರಿನಲ್ಲಿ ಮಾತಾಡುತ್ತಿರುವುದು ಅದೇ.”

ಕವಲಪ್ಪ ಕೊಂಬು ಕೊಡವಿದ. “ಎಂಟು ದಿನದಲ್ಲಿ ಒಂದು ದೂರೂ ಬಂದಿಲ್ಲ.”

“ದೂರು ಹೇಳಬೇಕಾದವರು ಬಂದಿಲ್ಲ, ಮಾವ.”

ತಾನು ಆರಿಸಿದ್ದು ಸರಿ ಎಂದು ತೋರಿಸಲು ಕವಲಪ್ಪ ಒಬ್ಬನೇ ಕೆರೆಗೆ ಇಳಿದ. ದಡದ ಜೊಂಡುಹುಲ್ಲು ಒಮ್ಮೆ ಸರಿಯಿತು. ಮತ್ತೆ ಮೊದಲಿನಂತೆ ನಿಂತಿತು.

ಸ್ವಲ್ಪ ಹೊತ್ತಿಗೆ ಡಬ್ಬಿಗಳು ಮಾತಾಡಿದವು:

“ಕವಲಪ್ಪ ಹೇಳುತ್ತಿದ್ದೇನೆ. ನೀರು ತಂಪಾಗಿದೆ. ಹೊನ್ನಿ, ನಿನ್ನದೇ ತಪ್ಪು.”

ಹೊನ್ನಿ ಕೊರಳಪಟ್ಟಿಯನ್ನು ಮರಕ್ಕೆ ಉಜ್ಜಿ ಹರಿದಳು. ಉಳಿದವರೂ ಹರಿದರು. ಅಜ್ಜ ಮುಂದೆ, ಹಿಂಡು ಹಿಂದೆ, ಗುಡ್ಡದಾಚೆ ಬಂಡೆಗಳ ಸಂದಿನಲ್ಲಿದ್ದ ಗುಂಡಿ ನೀರಿಗೆ ನಡೆದರು. ನೀರು ಕಡಿಮೆ, ಕೆಸರು ಹೆಚ್ಚು. ಆದರೂ ಹೊನ್ನಿಯ ಮರಿಗೆ ಮರುದಿನ ಹಾಲು ಸಿಕ್ಕಿತು.

ಚಿಪ್ಪಕ್ಕ ಎಲ್ಲರಿಗೂ ಹೊಸ ಡಬ್ಬಿ ಕಟ್ಟಿ, ಬೇರೆ ಸರ್ವರ್ ಹಿಡಿದು, ಹತ್ತು ವರ್ಷ ರಿಪೇರಿ ಸಿಗುವ ತನ್ನ ಲಿನಕ್ಸ್ ಹಾಕಿದಳು. ಅದು ಮೊದಲ ದಿನವೇ ಅಪ್‌ಡೇಟ್ ಕೇಳಿತು. ಅದು ಮತ್ತೆ ಶುರುವಾಗುವವರೆಗೆ ಇಡೀ ಹಿಂಡು ಕೆರೆಗಿಳಿಯದೆ ಬಾಯಾರಿ ನಿಂತಿತ್ತು. ಯಾರೂ ಗೊಣಗಲಿಲ್ಲ.

ಮತ್ತಿಮರದ ಕೆಳಗೆ ಬಿದ್ದಿದ್ದ ಹಳೆಯ ಡಬ್ಬಿಗಳು ಮಾತ್ರ ಮಳೆಗಾಲದವರೆಗೂ ಪ್ರತಿ ಮಧ್ಯಾಹ್ನ ಒಂದನ್ನೊಂದು ಕೆರೆಗೆ ಕರೆಯುತ್ತಿದ್ದವು.

ನೀತಿ: ತಂಟೆ ಮಾಡದ ವ್ಯವಸ್ಥೆಯನ್ನು ಮೆಚ್ಚುವ ಮೊದಲು ಅದನ್ನು ನೋಡಿಕೊಳ್ಳುವವರು ಇದ್ದಾರೆಯೇ ಎಂದು ವಿಚಾರಿಸಿ. ಯಾರೂ ಕಾಯದ ಮನೆಗೆ ಯಾರಾದರೊಬ್ಬರು ಯಜಮಾನರಾಗಿ ಬಂದೇ ಬರುತ್ತಾರೆ.