ಹೊಟ್ಟೆ ಶುದ್ಧಿಯ ಫೋಟೋ

ಶಿರ್ವದ ಮಾರ್ಸೆಲ್ ಧಣಿಗಳ ಹಂದಿ ಸಾಕಣೆ ಕೇಂದ್ರದಲ್ಲಿ, ಆಗಷ್ಟೇ ತಾಯಿಹಾಲು ಬಿಟ್ಟ ಮರಿಗಳಿಗೆ ಭೇದಿ ಶುರುವಾಯಿತು. ಕೆಲವು ಸತ್ತೂ ಹೋದವು. ಕೆಲಸದ ಅಪೊಲಿನ್ ಬಾಯಿ ಒಂದು ಗೂಡಿನ ಮರಿಗಳಿಗೆ ದೊಡ್ಡಪತ್ರೆ, ಬೆಳ್ಳುಳ್ಳಿ ಅರೆದು ಮೇವಿನಲ್ಲಿ ಕಲಸಿ ಕೊಟ್ಟಳು. ಪಕ್ಕದ ಗೂಡಿಗೆ ಧಣಿಗಳು ಔಷಧಿ ಕಂಪನಿಯ ಏಜೆಂಟನೊಬ್ಬ ಮಾರಿದ ಪುಡಿ ಹಾಕಿಸಿದರು.

ಕೆಲವು ದಿನ ಬಿಟ್ಟು ಏಜೆಂಟ್ ಬಂದ. ಇಸ್ತ್ರಿ ಹಾಕಿದ ಬಿಳಿ ಪ್ಯಾಂಟು, ಗತ್ತಿನ ನಡಿಗೆ.

"ಹಂದಿಗೆ ತಂಬುಳಿಯಾ?" ಎಂದು ನಕ್ಕ. "ಈ ಸೊಪ್ಪು ಇವತ್ತೇ ನಿಲ್ಲಬೇಕು. ಎಲ್ಲ ಮರಿಗೂ ನನ್ನ ಪುಡಿಯೇ!"

"ನಿಮ್ಮ ಪುಡಿ ತಿಂದವುಗಳ ಭೇದಿ ನಿಂತಿಲ್ವಲ್ಲ?" ಎಂದರು ಧಣಿಗಳು.

"ಅದು ಭೇದಿಯಲ್ಲ, ಹೊಟ್ಟೆ ಶುದ್ಧಿ! ನಿಮಗೆಲ್ಲ ಅರ್ಥವಾಗಲ್ಲ."

ಧಣಿಗಳು ತಲೆಯಾಡಿಸಿ ಇನ್ನೇನು ಒಪ್ಪುವುದರಲ್ಲಿದ್ದರು. ಅಪೊಲಿನ್ ಬಾಯಿ ಮುಂದೆ ಬಂದಳು.

"ಹಾಗಾದರೆ ಒಂದು ಫೋಟೋ ಆಗಲಿ ಸಾರ್! ಎರಡೂ ಗೂಡಿನ ಒಂದೊಂದು ಮರಿ ಎತ್ತಿಕೊಳ್ಳಿ. ನಿಮ್ಮ ಕಂಪನಿಯವರೂ ನೋಡಲಿ."

ಏಜೆಂಟ್ ಉಬ್ಬಿದ. ಸೊಪ್ಪು ತಿಂದು ಭೇದಿ ನಿಂತಿದ್ದ ಗೂಡಿನ ದುಂಡು ಮರಿಯನ್ನು ತಾನೇ ಎತ್ತಿ ಎದೆಗವಚಿಕೊಂಡ. ಅಪೊಲಿನ್ ಬಾಯಿ ಪಕ್ಕದ ಗೂಡಿನ ಮರಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಲದ ಕಡೆ ಅವನಿಗೆ ತಿರುಗಿಸಿ ಹತ್ತಿರ ತಂದಳು.

"ಅಯ್ಯೋ! ಅದು ಬೇಡ! ನನ್ನ ಪ್ಯಾಂಟು!" ಎಂದು ಏಜೆಂಟ್ ಗೋಡೆಯತ್ತ ಹಾರಿದ.

"ಯಾಕೆ ಸಾರ್? ಶುದ್ಧಿಯಾಗ್ತಿರೋ ಮರಿ ಅಲ್ವಾ?"

ಧಣಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಳ್ಳುತ್ತಲೇ ಕೂಗಿದರು:

"ಅಪೊಲಿನ್ ಬಾಯಿ, ಆ ಗೂಡಿಗೂ ಸೊಪ್ಪು ಅರೆ, ಬೇಗ!"