ಉಪ್ಪು ಎತ್ತಿ ಹಾಕುವ ತಿಪ್ಪವ್ವ

ಕೇಳಿ ಮಕ್ಕಳೇ, ನಡುನಡುವೆ ಹ್ಞೂಂ ಅನ್ನಿ. ಇಲ್ದಿದ್ರೆ ಎದ್ದು ಹೋಗ್ತೀನಿ.

ಉಪ್ಪುನೀರಿನ ಮಡುವಿನಲ್ಲಿ ಒಂದು ರಾಜ್ಯ ಇತ್ತು. ಎಷ್ಟು ದೊಡ್ಡದು ಅಂತೀರಾ? ಒಂದು ಸಾಸಿವೆಕಾಳಿನ ಮೇಲೆ ಅಂಥವು ಸಾವಿರ ಕೂರಬಹುದು. ನಮ್ಮ ಮೈಯೊಳಗೂ ಅಂಥ ರಾಜ್ಯಗಳು ಕೋಟಿ ಕೋಟಿ ಇವೆಯಂತೆ. ಅದರ ಸುತ್ತ ಎಣ್ಣೆಪೊರೆಯಂಥ ತೆಳು ಗೋಡೆ. ಗೋಡೆಯ ಸಂದಿಯಿಂದ ಹಗಲೂ ರಾತ್ರಿ ಉಪ್ಪು ಒಳಗೆ ಜಿನುಗೋದು. ಬಾಗಿಲಲ್ಲಿ ತಿಪ್ಪವ್ವ ಅನ್ನೋ ಆಳು ನಿಂತು, ಒಂದೇ ಸಮನೆ ಅದನ್ನ ಎತ್ತಿ ಹೊರಗೆ ಹಾಕೋಳು. ಅವಳ ಮೈ ಕಾದು, ಆ ಬಿಸಿಯೂ ಹೊರಗೆ ಹೋಗೋದು. ರಾಜ್ಯದ ಊಟದಲ್ಲಿ ಮೂರನೇ ಒಂದು ಪಾಲು ಅವಳಿಗೇ.

ಉಗ್ರಾಣ ನೋಡ್ಕೊಳ್ಳೋ ಭರಮಪ್ಪನಿಗೆ ಆ ಪಾಲಿನ ಮೇಲೆ ಕಣ್ಣು. ಅವನು ದೊರೆ ಮಲ್ಲರಸನ ಕಿವಿ ಊದಿದ. "ದೊರೆ, ನಿನ್ನೆ ಇದ್ದಷ್ಟೇ ಉಪ್ಪು ಇವತ್ತೂ ಇದೆ. ಹಾಗಾದ್ರೆ ಇವಳು ಮಾಡಿದ್ದೇನು? ಉಣ್ಣದಿದ್ದರೂ ನಡೆಯೋ ಕೆಲಸ ಅದು."

ದೊರೆ ತುಂಬಿದ ಸಭೆಯಲ್ಲಿ ಕೇಳಿಯೇಬಿಟ್ಟ. "ತಿಪ್ಪವ್ವ, ದಿನವಿಡೀ ಏನು ಮಾಡ್ತೀಯ? ತಿನ್ನೋದೊಂದೇ ತಾನೆ?"

ತಿಪ್ಪವ್ವ ತಲೆ ತಗ್ಗಿಸಿದಳು. ಜನ ನಕ್ಕರು. ನೀವು ನಗಬೇಡಿ. ನಾನೂ ನನ್ನ ಸೊಸೆಗೆ ಇದೇ ಮಾತು ಅಂದವಳು. ನೆನೆದರೆ ಇವತ್ತಿಗೂ ಮುಖ ಎಲ್ಲಿಡಲಿ ಅನ್ನಿಸುತ್ತೆ.

ದೊರೆಯ ಅಪ್ಪಣೆಯಿಂದ ಅವಳ ಊಟ ನಿಂತಿತು, ಕೆಲಸವೂ ನಿಂತಿತು. ಮೊದಲನೇ ದಿನ ಉಪ್ಪು ಏರಿತು. ಎರಡನೇ ದಿನ ಉಪ್ಪಿನ ಹಿಂದೆಯೇ ನೀರು ನುಗ್ಗಿತು. ಮೂರನೇ ದಿನ ರಾಜ್ಯವೇ ಉಬ್ಬಿ, ಗೋಡೆ ಬಿರಿಯೋ ಹಾಗಾಯ್ತು. ಗೋಡೆ ಒಡೆದರೆ ಒಬ್ಬರೂ ಉಳಿಯೋದಿಲ್ಲ.

ದೊರೆ ತಿಪ್ಪವ್ವನ ಹತ್ತಿರ ಓಡಿ ಬಂದ. ಅವಳು ಮೆಲ್ಲಗೆ ಅಂದಳು, "ಬುದ್ಧಿ, ಹಸಿದ ಕೈ ಏಳೋದಿಲ್ಲ. ಉಣ್ಣದೆ ನಡೆಯೋ ಕೆಲಸ ಅಂದವರು ಭರಮಪ್ಪನವರು. ಅವರೇ ಉಪವಾಸ ಇದ್ದು ಉಪ್ಪು ಎತ್ತಿ ತೋರಿಸಲಿ."

ಭರಮಪ್ಪ ಒಂದು ಸಲ ಎತ್ತಿದ, ಎರಡು ಸಲ ಎತ್ತಿದ, ಮೂರನೇ ಸಲಕ್ಕೆ ಕುಸಿದು ಕೂತ. "ಒಂದು ತುತ್ತು ಕೊಡಿ" ಅಂತ ಎಲ್ಲರೆದುರು ಅತ್ತ.

ದೊರೆಗೆ ನಾಚಿಕೆಯಿಂದ ಮೈ ಹಿಡಿಯಾಯ್ತು. ತಾನೇ ತಟ್ಟೆ ತಂದು ಅವಳ ಮುಂದಿಟ್ಟ. ಕಣ್ಣೆತ್ತಿ ನೋಡೋಕೂ ಆಗಲಿಲ್ಲ. "ಹತ್ತು ಜನರ ಎದುರು ಅಂದೆ, ಹತ್ತು ಜನರ ಎದುರೇ ಹೇಳ್ತೀನಿ. ತಪ್ಪಾಯ್ತು, ತಾಯಿ."

ತಿಪ್ಪವ್ವ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಉಂಡಳು, ಎದ್ದಳು, ಉಪ್ಪು ಎತ್ತಿದಳು. ನೀರು ಇಳಿಯಿತು. ಅಂದಿನಿಂದ ಅವಳಿಗೆ ಹೊತ್ತುಹೊತ್ತಿಗೆ ಊಟ ಹೊರೋ ಕೆಲಸ ಭರಮಪ್ಪನದು. ದೊರೆ ಮಾತ್ರ ಬದುಕಿರೋತನಕ ಆ ಬಾಗಿಲಲ್ಲಿ ತಲೆ ತಗ್ಗಿಸಿಯೇ ನಡೆದ.

ನೆಟ್ಟಗಿರೋದು ಯಾವುದೂ ತಾನಾಗಿ ನೆಟ್ಟಗಿರೋದಿಲ್ಲ ಮಕ್ಕಳೇ. ಯಾರೋ ದುಡಿದು ಹಾಗಿಟ್ಟಿರ್ತಾರೆ. ನೀನೇನು ಮಾಡಿದೆ ಅಂತ ಅವರನ್ನ ಕೇಳಬೇಡಿ, ಉಂಡೆಯಾ ಅಂತ ಕೇಳಿ.