ಮಂಗಟ್ಟೆಯ ತಪಸ್ಸು

ಒಂದು ಕಾಡಿನಲ್ಲಿ ಹೊನ್ನಪ್ಪ ಎಂಬ ಮಂಗಟ್ಟೆ ಹಕ್ಕಿ ಇದ್ದ. ದಪ್ಪ ಹಳದಿ ಕೊಕ್ಕು, ಬಲು ಮೆತ್ತನೆ ಮನಸ್ಸು. ಮಂಗಟ್ಟೆಗಳಲ್ಲಿ ಒಂದು ಪದ್ಧತಿ ಉಂಟು. ಮೊಟ್ಟೆಯಿಡುವ ಕಾಲ ಬಂದರೆ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಕಿಂಡಿ ಮಾತ್ರ ಉಳಿಯುತ್ತದೆ. ರೆಕ್ಕೆಯ ಗರಿ ಉದುರಿ ಅದಕ್ಕೆ ಹಾರಲೂ ಆಗದು. ಗಂಡೇ ಹಣ್ಣು ತಂದು ಕಿಂಡಿಯಲ್ಲಿ ಕೊಡಬೇಕು. ಹೊನ್ನಪ್ಪನೂ ಹೆಂಡತಿ ಸಿರಿಯಕ್ಕನಿಗೆ, ಆಗಷ್ಟೇ ಹುಟ್ಟಿದ ಮರಿಗೆ, ಬೆಳಗಿನಿಂದ ಸಂಜೆಯವರೆಗೆ ಅತ್ತಿಹಣ್ಣು ಸಾಗಿಸುತ್ತಿದ್ದ.

ಆ ಮರದ ಬುಡದಲ್ಲಿ ಒಂದು ಉಡ ಹೊಂಚು ಹಾಕಿತ್ತು. ಅದಕ್ಕೆ ಮರಿಯ ಮೇಲೆ ಆಸೆ. ಆದರೆ ಪೊಟರೆಯ ಬಾಗಿಲಲ್ಲಿ ಒಣಗಿದ ಮಣ್ಣಿನ ಗೋಡೆ ಕಲ್ಲಿನಂತಿತ್ತು. ಕೆರೆದು ಕೆರೆದು ಉಗುರೇ ಸವೆಯಿತು. ಒಳಗಿನವಳೇ ಒಡೆದರೆ ಮಾತ್ರ ಊಟ ಎಂದು ಅದಕ್ಕೆ ಹೊಳೆಯಿತು. ಸುಟ್ಟ ಮರದ ಬೂದಿಯಲ್ಲಿ ಹೊರಳಾಡಿ ಕಣ್ಣು ಮುಚ್ಚಿ ಕೂತಿತು. ಸ್ವಾಮಿಯಾಗಲು ಇನ್ನೇನು ಬೇಕು! ಹಣ್ಣು ಹೊತ್ತು ಬಂದ ಹೊನ್ನಪ್ಪನನ್ನು ಕರೆಯಿತು.

"ಏನಪ್ಪಾ ಹೊನ್ನಪ್ಪ, ಹುಟ್ಟಿದ್ದೇ ಹಣ್ಣು ಹೊರೋಕಾ? ಪುಣ್ಯ ಗಿಣ್ಯ ಬೇಡವಾ?"

ಹೊನ್ನಪ್ಪ ಪೆಚ್ಚಾದ. ಆ ಚಿಂತೆ ಅವನಿಗೂ ಇತ್ತು. "ಏನು ಮಾಡಲಿ ಸ್ವಾಮೀ? ನನಗೆ ಮಂತ್ರ ಬರಲ್ಲ."

"ಗುಡ್ಡದ ಬಂಡೆ ಮೇಲೆ ಮೂರು ದಿನ ಕಣ್ಣು ಮುಚ್ಚಿ ಕೂತ್ಕೋ. ಹಣ್ಣು, ಹೆಂಡತಿ, ಎಲ್ಲಾ ಮೋಹ. ಇಲ್ಲಿ ನಾನಿದ್ದೀನಿ, ನೋಡ್ಕೋತೀನಿ."

ಮರುದಿನ ಬೆಳಗ್ಗೆಯೇ ಹೊನ್ನಪ್ಪ ಹೋದ. ಪಾಪ, ಪುಣ್ಯದ ಆಸೆ ಎಂಥವರನ್ನೂ ಮರುಳು ಮಾಡುತ್ತದೆ. ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿದರೆ ಆ ಕಿಂಡಿಯೇ ಕಾಣಿಸಿತು, ಅದರಿಂದ ಚಾಚಿದ ಕೊಕ್ಕು ಕಾಣಿಸಿತು. ಹತ್ತು ಸಲ ತಲೆ ಕೊಡವಿದ. ಹತ್ತು ಸಲವೂ ಅದೇ. ಮಧ್ಯಾಹ್ನದ ಹೊತ್ತಿಗೆ ಅಳುವೇ ಬಂತು. "ಒಂದರಲ್ಲೇ ಮನಸ್ಸು ನಿಲ್ಲೋದು ಧ್ಯಾನ ಅಂತಾರೆ. ನನ್ನ ಮನಸ್ಸು ನಿಂತಿರೋದು ಅಲ್ಲೇ. ಇಲ್ಲಿ ಕೂತು ಏನು ಮಾಡ್ತಿದ್ದೀನಿ?" ಎಂದು ಗಂಟಲು ತುಂಬ ಹಣ್ಣು ತುಂಬಿಕೊಂಡು ಹಾರಿಬಂದ.

ಉಡ ಕಿಂಡಿಗೆ ಮೂತಿ ಹಚ್ಚಿ ಬೆಲ್ಲದಂಥ ಮಾತಾಡುತ್ತಿತ್ತು. "ನಿನ್ನ ಗಂಡ ಸನ್ಯಾಸಿಯಾದನಮ್ಮಾ, ಇನ್ನು ಬರೋಲ್ಲ. ಗೋಡೆ ಒಡೆದು ಹೊರಗೆ ಬಾ. ಇಲ್ಲದಿದ್ರೆ ಮಗು ಹಸಿದು ಸಾಯುತ್ತೆ." ಒಳಗೆ ಸಿರಿಯಕ್ಕ ಅಳುತ್ತಾ ಗೋಡೆ ಕುಟ್ಟುತ್ತಿದ್ದಳು. ಒಂದು ಹೆಂಟೆ ಮಣ್ಣು ಆಗಲೇ ಉದುರಿತ್ತು.

"ಒಡೀಬೇಡ ಕಣೇ, ನಾನು ಬಂದೆ!"

ಆ ದನಿ ಕೇಳಿದ್ದೇ ತಡ, ಸಿರಿಯಕ್ಕ ಉಡದ ಮೂತಿಯನ್ನೇ ಕಚ್ಚಿ ಹಿಡಿದಳು. ಹೊನ್ನಪ್ಪ ಹಿಂದಿನಿಂದ ಬಾಲಕ್ಕೆ ಕುಕ್ಕಿದ. ಉಡದ ಪಟ್ಟು ಎಂದರೆ ಬಿಡದ ಪಟ್ಟು ಅನ್ನುತ್ತಾರೆ. ಆ ದಿನ ಅದೂ ಬಿಟ್ಟಿತು. ಸ್ವಾಮಿಗಳು ಬೂದಿ ಸಮೇತ ಮುಳ್ಳುಪೊದೆಗೆ ಬಿದ್ದು, ಕುಂಟುತ್ತಾ ಆ ಕಾಡನ್ನೇ ಬಿಟ್ಟರು.

ಹೊನ್ನಪ್ಪ ತಲೆ ತಗ್ಗಿಸಿದ. "ತಪ್ಪಾಯ್ತು ಕಣೇ. ಪುಣ್ಯ ಸಿಗುತ್ತೆ ಅಂತ ಹೋದೆ."

"ಮೊದಲು ಹಣ್ಣು ಕೊಡಿ, ಮಗು ಬೆಳಗಿನಿಂದ ಬಾಯಿ ಬಿಟ್ಕೊಂಡಿದೆ" ಎಂದಳು ಸಿರಿಯಕ್ಕ. ಆಮೇಲೆ ಅವಳ ದನಿ ಮೆತ್ತಗಾಯಿತು. "ಈ ಕಿಂಡೀಲಿ ನಿಮ್ಮ ಕೊಕ್ಕು ಕಂಡಾಗೆಲ್ಲ ನಾನು ಒಳಗೇ ತಲೆ ಬಾಗಿಸ್ತೀನಿ. ನಿಮಗೆ ಅದು ಬರೀ ಹಣ್ಣು ಹೊರೋದಾ?"

ಹೊನ್ನಪ್ಪ ನೈವೇದ್ಯ ಇಡುವಂತೆ ಒಂದು ಹಣ್ಣನ್ನು ಮೆಲ್ಲಗೆ ಕಿಂಡಿಯಲ್ಲಿ ಇಟ್ಟ. ಒಳಗಿನಿಂದ ಪುಟ್ಟ ಕೊಕ್ಕೊಂದು ಬಂದು ಅದನ್ನು ಲಪಕ್ಕನೆ ಕಿತ್ತುಕೊಂಡಿತು. ಯಾವ ದೇವರೂ ಇಷ್ಟು ಬೇಗ ನೈವೇದ್ಯ ತಿಂದದ್ದನ್ನು ಅವನು ಕೇಳಿರಲಿಲ್ಲ.

ನೀತಿ: ನಮ್ಮನ್ನೇ ನಂಬಿದವರಿಗಾಗಿ ದಿನವೂ ಪ್ರೀತಿಯಿಂದ ಮಾಡುವ ಕೆಲಸವೇ ಪೂಜೆ. ಅದನ್ನು ಬಿಟ್ಟು ಪುಣ್ಯ ಹುಡುಕು ಎನ್ನುವವರನ್ನು ನಂಬಬಾರದು.